ಕಂಪನಿಯಿಂದ ನೇರವಾಗಿ ಕಾರು ತಗೊಂಡ್ರೆ ದುಡ್ಡು ಉಳಿಯುತ್ತಾ? ಶೋರೂಮಿನಲ್ಲಿ ಚೌಕಾಸಿ ಎಲ್ಲಿ ಮಾಡಬೇಕು?

ಪ್ರಶ್ನೆ: ನಾನು ತರೀಕೆರೆ ಹತ್ತಿರದ ಊರಿನವನು, ನಿವೃತ್ತ ಹೈಸ್ಕೂಲ್ ಶಿಕ್ಷಕ. ನಮ್ಮ ಮನೆಗೆ ಇದೇ ಮೊದಲ ಕಾರು. ಶಿವಮೊಗ್ಗದ ಶೋರೂಮಿನವರು ಕೊಟ್ಟ ಕೊಟೇಶನ್ ಹೀಗಿದೆ: ಎಕ್ಸ್ ಶೋರೂಮ್ 9,20,000. ತೆರಿಗೆ, ನೋಂದಣಿ 1,46,000. ಇನ್ಶೂರೆನ್ಸ್ 52,000. ಎಕ್ಸ್‌ಟೆಂಡೆಡ್ ವಾರಂಟಿ 18,000. ಆಕ್ಸೆಸರೀಸ್ 24,000. ಲಾಜಿಸ್ಟಿಕ್ಸ್ ಮತ್ತು ಹ್ಯಾಂಡ್ಲಿಂಗ್ 9,500. ಫಾಸ್ಟ್‌ಟ್ಯಾಗ್ 600. ಡಿಸ್ಕೌಂಟ್ 10,000 ಕಳೆದು ಆನ್ ರೋಡ್ 11,60,100. ಇದಕ್ಕಿಂತ ಒಂದು ರೂಪಾಯಿಯೂ ಇಳಿಯುವುದಿಲ್ಲ ಎನ್ನುತ್ತಾರೆ. ಟೆಕ್ಸಾಸ್‌ನಲ್ಲಿರುವ ನನ್ನ ಅಳಿಯ ಟೆಸ್ಲಾವನ್ನು ಮೊಬೈಲಿನಲ್ಲೇ ಬುಕ್ ಮಾಡಿ ತಗೊಂಡ. ‘ನೀವೂ ಕಂಪನಿಯಿಂದಲೇ ತಗೊಳ್ಳಿ, ಡೀಲರ್ ಕಮಿಷನ್ ಉಳಿಯುತ್ತೆ’ ಎನ್ನುತ್ತಾನೆ. ಹಾಗೆ ಮಾಡಬಹುದೇ? ಚೌಕಾಸಿ ಮಾಡಿ ನನಗೆ ಅಭ್ಯಾಸವಿಲ್ಲ.

ಉತ್ತರ: ನಮಸ್ಕಾರ ಮೇಷ್ಟ್ರೇ. ಮೊದಲು ನೇರ ಉತ್ತರ. ನೀವು ನೋಡಿರುವಂಥ ಕಾರನ್ನು ನಮ್ಮಲ್ಲಿ ಕಂಪನಿಯಿಂದ ನೇರವಾಗಿ ಕೊಳ್ಳಲು ಆಗುವುದಿಲ್ಲ. ಆದರೆ ನಿಮ್ಮ ಕೊಟೇಶನ್ನಿನಲ್ಲಿ ನಲವತ್ತು ಸಾವಿರಕ್ಕೂ ಜಾಸ್ತಿ ಉಳಿಸುವ ದಾರಿ ಇದೆ. ಅದಕ್ಕೆ ಡಿಸ್ಕೌಂಟ್ ಎಂಬ ಮಾತನ್ನೇ ಎತ್ತಬೇಕಾಗಿಲ್ಲ. ನಾನು ಹದಿನಾಲ್ಕು ವರ್ಷ ಶೋರೂಮಿನ ಮೇಜಿನ ಆ ಕಡೆ ಕೂತು ಇಂಥ ಕೊಟೇಶನ್ ಬರೆದವನು. ಯಾವ ಸಾಲು ಅಲುಗಾಡುತ್ತದೆ, ಯಾವುದು ಅಲುಗಾಡುವುದಿಲ್ಲ ಎಂದು ಹೇಳುತ್ತೇನೆ.

ಅಳಿಯನ ಮಾತು ಅವರ ಮಟ್ಟಿಗೆ ಸರಿ. ಟೆಸ್ಲಾಗೆ ಡೀಲರ್‌ಗಳೇ ಇಲ್ಲ. ವೆಬ್‌ಸೈಟಿನಲ್ಲಿ ಇರುವುದೇ ಬೆಲೆ, ಕಂಪನಿಯೇ ಬಿಲ್ ಮಾಡುತ್ತದೆ. ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಕಾರು ತಯಾರಿಸುವವರು ನೇರವಾಗಿ ಗಿರಾಕಿಗೆ ಮಾರಬಾರದು ಎಂದು ಡೀಲರ್‌ಗಳ ರಕ್ಷಣೆಗೆ ಕಾನೂನು ಮಾಡಿಕೊಂಡಿದ್ದಾರೆ. ಅಳಿಯ ಇರುವ ಟೆಕ್ಸಾಸ್ ಕೂಡ ಅಂಥದ್ದೇ ರಾಜ್ಯ. ಟೆಸ್ಲಾದ ಮುಖ್ಯ ಕಚೇರಿ, ದೊಡ್ಡ ಫ್ಯಾಕ್ಟರಿ ಎರಡೂ ಆಸ್ಟಿನ್‌ನಲ್ಲಿವೆ. ಆದರೂ ಅಲ್ಲಿ ತನ್ನದೇ ಶೋರೂಮಿನಲ್ಲಿ ಕಾರು ಮಾರಲು ಅದಕ್ಕೆ ಅವಕಾಶವಿಲ್ಲ. ಕೊಳ್ಳುವವರು ಇಂಟರ್‌ನೆಟ್ಟಿನಲ್ಲೇ ಆರ್ಡರ್ ಮಾಡಬೇಕು.

ಕಂಪನಿಯೇ ನೇರವಾಗಿ ಮಾರುವ ಈ ಪದ್ಧತಿ ನಮ್ಮ ದೇಶದಲ್ಲೂ ಬಂದಿದೆ, ಆದರೆ ಹೆಚ್ಚಾಗಿ ಮೇಲಿನ ದರ್ಜೆಯ ಕಾರುಗಳಿಗೆ. ಮರ್ಸಿಡೀಸ್ ಬೆಂಜ್ 2021ರ ಅಕ್ಟೋಬರಿನಲ್ಲಿ ಶುರು ಮಾಡಿತು. ಶೋರೂಮು ಹಳೆಯ ಡೀಲರ್‌ದೇ, ಕೆಲಸದವರೂ ಅವರೇ. ಆದರೆ ಕಾರಿನ ಸ್ಟಾಕ್ ಕಂಪನಿಯದು, ಬಿಲ್ ಕಂಪನಿಯ ಹೆಸರಿನಲ್ಲಿ. ಡೀಲರ್‌ಗೆ ಪ್ರತಿ ಕಾರಿಗೆ ಇಷ್ಟು ಎಂದು ಕಮಿಷನ್. ಟೆಸ್ಲಾ 2025ರ ಜುಲೈನಲ್ಲಿ ಮುಂಬೈನಲ್ಲಿ ಬಾಗಿಲು ತೆರೆದಾಗ ಅದರ ಮಾಡೆಲ್ ವೈ ಎಂಬ ಕಾರಿನ ಬೆಲೆ ಸುಮಾರು 60 ಲಕ್ಷದಿಂದ ಶುರುವಾಗಿತ್ತು. ಮಾರುತಿ, ಹ್ಯುಂಡೈ, ಟಾಟಾ, ಮಹೀಂದ್ರಾ ಕಾರುಗಳನ್ನು ಮಾರುವುದು ಈಗಲೂ ಡೀಲರ್‌ಗಳೇ. ಹ್ಯುಂಡೈನ ‘ಕ್ಲಿಕ್ ಟು ಬೈ’ ತರಹದ ಆನ್‌ಲೈನ್ ಬುಕಿಂಗ್ ಇದೆಯಲ್ಲ ಎಂದು ನೀವು ಕೇಳಬಹುದು. ಅಲ್ಲೂ ನಿಮ್ಮ ಊರು, ನಿಮ್ಮ ಡೀಲರ್ ಯಾರು ಎಂದು ಆರಿಸಲೇಬೇಕು. ಅರ್ಜಿ ಹೋಗಿ ಬೀಳುವುದು ಅದೇ ಶೋರೂಮಿನ ಮೇಜಿನ ಮೇಲೆ. ಮಾರಿದವರು ಯಾರು ಎಂದು ತಿಳಿಯಬೇಕಾದರೆ ಇನ್‌ವಾಯ್ಸ್ ಯಾರ ಹೆಸರಿನಲ್ಲಿದೆ ನೋಡಿ. ಡೀಲರ್ ಹೆಸರಿದ್ದರೆ ನೀವು ಕೊಂಡಿದ್ದು ಡೀಲರ್ ಹತ್ತಿರ.

ಇನ್ನು ನೇರವಾಗಿ ಕೊಂಡರೆ ಕಮಿಷನ್ ಉಳಿಯುತ್ತದೆ ಎಂಬ ಮಾತು. ಇದನ್ನು ನಾನು ಒಪ್ಪುವುದಿಲ್ಲ. ಟೆಸ್ಟ್ ಡ್ರೈವ್ ಕೊಡಬೇಕು, ಆರ್‌ಟಿಓ ಕೆಲಸ ಮಾಡಿಸಬೇಕು, ಕಾರು ತೊಳೆದು ಕೀ ಕೈಗೆ ಕೊಡಬೇಕು. ಯಾರು ಮಾಡಿದರೂ ಅದಕ್ಕೆ ಖರ್ಚಿದೆ. ಕಂಪನಿ ಆ ಖರ್ಚನ್ನು ಬೆಲೆಯಲ್ಲೇ ಸೇರಿಸಿಕೊಳ್ಳುತ್ತದೆ. ನೇರ ಮಾರಾಟದ ನಿಜವಾದ ಲಾಭ ಬೇರೆ: ಪಕ್ಕದ ಮನೆಯವರಿಗೂ ನಿಮಗೂ ಒಂದೇ ಬೆಲೆ. ಮಾತು ಬಾರದವರಿಗೆ ಮೋಸ ಆಗುವುದಿಲ್ಲ. ಇದು ಸಣ್ಣ ವಿಷಯವಲ್ಲ, ನನಗೆ ಈ ಪದ್ಧತಿಯಲ್ಲಿ ಇಷ್ಟವಾಗುವುದೇ ಇದು. ಆದರೆ ಬೆಲೆ ಏರಿಸುವ, ಇಳಿಸುವ ಅಧಿಕಾರ ಪೂರ್ತಿ ಕಂಪನಿಯ ಕೈಗೆ ಹೋಗುತ್ತದೆ. 2023ರ ಜನವರಿಯಲ್ಲಿ ಟೆಸ್ಲಾ ಅಮೆರಿಕದಲ್ಲಿ, ಚೀನಾದಲ್ಲಿ ಏಕಾಏಕಿ ಬೆಲೆ ಇಳಿಸಿತು. ಸ್ವಲ್ಪ ದಿನ ಮುಂಚೆ ಕೊಂಡವರು ಲಕ್ಷಗಟ್ಟಲೆ ಜಾಸ್ತಿ ಕೊಟ್ಟಂತಾಯಿತು. ಚೀನಾದಲ್ಲಿ ಜನ ಶೋರೂಮಿನ ಮುಂದೆ ಸೇರಿ ಗಲಾಟೆ ಮಾಡಿದರು.

ಸರಿ, ಈಗ ನಿಮ್ಮ ಕೊಟೇಶನ್ನಿಗೆ ಬರೋಣ. ಒಂದು ಪೆನ್ಸಿಲ್ ಹಿಡಿದುಕೊಂಡು ಕೂತುಕೊಳ್ಳಿ.

ಮೊದಲನೆಯದು ಎಕ್ಸ್ ಶೋರೂಮ್, 9,20,000. ಅಂದರೆ ನೋಂದಣಿ, ರಸ್ತೆ ತೆರಿಗೆ, ವಿಮೆ ಸೇರದ ಕಾರಿನ ಬೆಲೆ. ಜಿಎಸ್‌ಟಿ ಇದರಲ್ಲೇ ಸೇರಿದೆ. ಎಲ್ಲರೂ ಚೌಕಾಸಿ ಶುರು ಮಾಡುವುದು ಇಲ್ಲಿಂದ, ಎಡವುವುದೂ ಇಲ್ಲೇ. ಕಾರಿನ ಮೇಲೆ ಡೀಲರ್‌ಗೆ ಉಳಿಯುವುದು ಸಾಮಾನ್ಯವಾಗಿ ನೂರಕ್ಕೆ ಮೂರರಿಂದ ಐದಾರು ರೂಪಾಯಿ. ಬಾಡಿಗೆ, ಸಂಬಳ, ಕರೆಂಟು, ನಿಂತ ಕಾರಿನ ಮೇಲೆ ಬ್ಯಾಂಕಿಗೆ ಕಟ್ಟುವ ಬಡ್ಡಿ, ಎಲ್ಲ ಅದರಲ್ಲೇ ಹೋಗಬೇಕು. ‘ಐವತ್ತು ಸಾವಿರ ಬಿಡಿ’ ಎಂದರೆ ಆ ಹುಡುಗ ಸುಮ್ನೆ ತಲೆ ಆಡಿಸುತ್ತಾನೆ. ಅವನು ಸುಳ್ಳು ಹೇಳುತ್ತಿರುವುದಿಲ್ಲ. ಡೀಲರ್ ದುಡಿಯುವುದು ಕೆಳಗಿನ ಸಾಲುಗಳಲ್ಲಿ: ಇನ್ಶೂರೆನ್ಸ್ ಕಮಿಷನ್, ಆಕ್ಸೆಸರೀಸ್, ಲೋನಿಗೆ ಬ್ಯಾಂಕ್ ಕೊಡುವ ಪಾಲು. ಹಾಗಾಗಿ ನೀವೂ ಮಾತು ಆಡಬೇಕಾದದ್ದು ಅಲ್ಲಿ.

ಎರಡನೆಯದು ತೆರಿಗೆ. ಇದು ಸರ್ಕಾರಕ್ಕೆ ಹೋಗುವ ದುಡ್ಡು, ಡೀಲರ್ ಕೈಯಲ್ಲಿ ಏನೂ ಇಲ್ಲ. ಆದರೆ ಲೆಕ್ಕ ನೀವೇ ಹಾಕಿ ನೋಡಿ. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರಿಗೆ 5 ಲಕ್ಷದಿಂದ 10 ಲಕ್ಷದವರೆಗೆ ಜೀವಿತಾವಧಿ ತೆರಿಗೆ ಶೇ. 14. ಆ ತೆರಿಗೆಯ ಮೇಲೆ ಶೇ. 11 ಸೆಸ್. ನಿಮ್ಮ ಕಾರಿಗೆ 1,28,800 ತೆರಿಗೆ, 14,168 ಸೆಸ್, ಒಟ್ಟು 1,42,968. ಮಿಕ್ಕ ಮೂರು ಸಾವಿರ ನೋಂದಣಿ ಶುಲ್ಕ, ಲೋನ್ ಇದ್ದರೆ ಅದರ ನಮೂದು, ಆರ್‌ಸಿ ಕಾರ್ಡ್ ಇಂಥವು. ಈ ಸಾಲು ಸರಿಯಾಗಿದೆ.

ಇಲ್ಲಿ ಒಂದು ಮಾತು. ಸೇಲ್ಸ್‌ನವರು ‘ಇನ್ನೊಂದು ಲಕ್ಷ ಹಾಕಿದರೆ ಟಾಪ್ ಮಾಡೆಲ್ ಬರುತ್ತೆ ಸರ್’ ಎಂದು ಹೇಳಿಯೇ ಹೇಳುತ್ತಾರೆ. ಹತ್ತು ಲಕ್ಷದ ಗೆರೆ ದಾಟಿದ ತಕ್ಷಣ ತೆರಿಗೆ ಶೇ. 17 ಆಗುತ್ತದೆ, ಅದೂ ಪೂರ್ತಿ ಬೆಲೆಯ ಮೇಲೆ. 9,95,000ದ ಕಾರಿಗೆ ಸೆಸ್ ಸೇರಿ ಸುಮಾರು 1,54,600. 10,05,000ದ ಕಾರಿಗೆ ಸುಮಾರು 1,89,600. ಕಾರಿನ ಬೆಲೆ ಹತ್ತು ಸಾವಿರ ಹೆಚ್ಚಿತು, ತೆರಿಗೆ ಮೂವತ್ತೈದು ಸಾವಿರ ಹೆಚ್ಚಿತು. ಅದರ ಮೇಲೆ ಟಿಸಿಎಸ್ ಎಂದು, ಅಂದರೆ ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ ಎಂದು, ಶೇ. 1 ಬೇರೆ ಹಿಡಿಯುತ್ತಾರೆ. ಇದು ಆದಾಯ ತೆರಿಗೆ ರಿಟರ್ನ್ ಹಾಕಿದಾಗ ಲೆಕ್ಕಕ್ಕೆ ಬರುತ್ತದೆ, ಆದರೆ ಈಗ ಕೈಯಿಂದ ಹಾಕಬೇಕು. ಮೇಲಿನ ಮಾಡೆಲಿನ ಆಸೆ ಹುಟ್ಟಿದರೆ ಈ ಲೆಕ್ಕ ಮರೆಯಬೇಡಿ.

ಇನ್ಶೂರೆನ್ಸ್, 52,000. ಪೆನ್ಸಿಲ್‌ನಲ್ಲಿ ಇಲ್ಲೊಂದು ದೊಡ್ಡ ಸುತ್ತು ಹಾಕಿ. ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ (ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ) ಕಡ್ಡಾಯ, 2018ರ ಸೆಪ್ಟೆಂಬರಿನಿಂದ. ಅದರ ದರ ಸರ್ಕಾರ ಗೊತ್ತು ಮಾಡಿದ್ದು, ಯಾವ ಕಂಪನಿಯಲ್ಲಿ ತಗೊಂಡರೂ ಒಂದೇ. 1,000ದಿಂದ 1,500 ಸಿಸಿ ಕಾರಿಗೆ 2022ರಲ್ಲಿ ಗೊತ್ತು ಮಾಡಿದ ದರ 10,640, ಅದರ ಮೇಲೆ ಜಿಎಸ್‌ಟಿ. ಉಳಿದದ್ದೆಲ್ಲ ನಿಮ್ಮ ಕಾರಿಗೆ ಆಗುವ ಹಾನಿಯ ವಿಮೆ ಮತ್ತು ಮೇಲೆ ಸೇರಿಸಿದ ಕವರ್‌ಗಳು. ಆಟ ಇರುವುದು ಅಲ್ಲಿ. ಅದೇ ಐಡಿವಿ (ವಿಮಾ ಕಂಪನಿ ನಿಮ್ಮ ಕಾರಿಗೆ ಕಟ್ಟುವ ಬೆಲೆ), ಅದೇ ಝೀರೋ ಡೆಪ್ರಿಸಿಯೇಶನ್ (ಬಿಡಿಭಾಗ ಹಳೆಯದಾಯಿತು ಎಂದು ಕ್ಲೇಮಿನಲ್ಲಿ ದುಡ್ಡು ಕಳೆಯದ ಕವರ್) ಹಾಕಿ ಹೊರಗೆ ಎರಡು ಕಂಪನಿಗಳ ದರ ಕೇಳಿ. 38,000ದ ಆಸುಪಾಸಿಗೆ ಸಿಕ್ಕರೆ ನನಗೆ ಆಶ್ಚರ್ಯವಿಲ್ಲ. ಐಡಿವಿ ಕಮ್ಮಿ ಮಾಡಿ ಪ್ರೀಮಿಯಂ ಕಮ್ಮಿ ತೋರಿಸಿದರೆ ಅದು ಉಳಿತಾಯ ಅಲ್ಲ, ಅದನ್ನು ಮಾತ್ರ ಎಚ್ಚರದಿಂದ ನೋಡಿ.

‘ನಮ್ಮಲ್ಲೇ ಇನ್ಶೂರೆನ್ಸ್ ತಗೋಬೇಕು, ಇಲ್ಲದಿದ್ದರೆ ಡಿಸ್ಕೌಂಟ್ ಇಲ್ಲ’ ಎನ್ನಬಹುದು. ಹಾಗೆ ಒತ್ತಾಯ ಮಾಡುವಂತಿಲ್ಲ, ಯಾವ ಕಂಪನಿಯ ವಿಮೆ ಬೇಕು ಎನ್ನುವುದು ಗಿರಾಕಿಯ ಆಯ್ಕೆ. ‘ಹೊರಗಿನದಾದರೆ ಕ್ಯಾಶ್‌ಲೆಸ್ ಸಿಗಲ್ಲ’ ಎಂದೂ ಹೇಳುತ್ತಾರೆ. ಕ್ಯಾಶ್‌ಲೆಸ್ ಎಂದರೆ ರಿಪೇರಿಯ ದುಡ್ಡನ್ನು ವಿಮಾ ಕಂಪನಿಯೇ ನೇರವಾಗಿ ಗ್ಯಾರೇಜಿಗೆ ಕಟ್ಟುವುದು. ಅವರ ಮಾತಿನಲ್ಲಿ ಅರ್ಧ ಸತ್ಯ ಇದೆ. ಕ್ಯಾಶ್‌ಲೆಸ್ ಸಿಗುವುದು ಆ ವಿಮಾ ಕಂಪನಿಯ ಜೊತೆ ಸಂಬಂಧ ಇರುವ ಗ್ಯಾರೇಜಿನಲ್ಲಿ. ನೀವು ಕಾರು ಬಿಡುವ ಸರ್ವಿಸ್ ಸೆಂಟರ್ ಆ ಪಟ್ಟಿಯಲ್ಲಿ ಇದೆಯಾ ಎಂದು ಮೊದಲೇ ಕೇಳಿಕೊಳ್ಳಿ. ಇದ್ದರೆ ಭಯವಿಲ್ಲ. ಹೊರಗಿನ ದರ ತೋರಿಸಿದ ಮೇಲೆ ಶೋರೂಮಿನವರೇ ಅದಕ್ಕೆ ಇಳಿದರೆ ಅವರಲ್ಲೇ ತಗೊಳ್ಳಿ. ಕ್ಲೇಮ್ ಸಮಯದಲ್ಲಿ ಓಡಾಟ ಕಮ್ಮಿ.

ವಾರಂಟಿ 18,000. ಒಳ್ಳೆಯದೇ, ಆದರೆ ಇವತ್ತೇ ಬೇಕಾಗಿಲ್ಲ. ಸಾಮಾನ್ಯವಾಗಿ ಮೊದಲ ವಾರಂಟಿ ಮುಗಿಯುವ ಮುಂಚೆ ಯಾವಾಗ ಬೇಕಾದರೂ ಸೇರಿಸಬಹುದು, ತಡವಾದಷ್ಟು ಬೆಲೆ ಸ್ವಲ್ಪ ಏರುತ್ತದೆ. ಈಗ ಕೈ ಬಿಗಿ ಇದ್ದರೆ ಮುಂದಕ್ಕೆ ಹಾಕಿ.

ಆಕ್ಸೆಸರೀಸ್ 24,000. ಏನೇನು ಎಂದು ಬಿಡಿಸಿ ಬರೆಸಿಕೊಳ್ಳಿ. ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಜನ ಆ ಪಟ್ಟಿ ಕೇಳುವುದೇ ಇಲ್ಲ. ಮ್ಯಾಟ್, ಮಡ್ ಫ್ಲ್ಯಾಪ್, ಬಾಡಿ ಕವರ್ ಸಾಕು, ನಾಲ್ಕು ಸಾವಿರಕ್ಕೆ ಮುಗಿಯುತ್ತದೆ. ಸೀಟ್ ಕವರನ್ನು ಶಿವಮೊಗ್ಗದಲ್ಲೇ ಹೊರಗೆ ಹೊಲಿಸಿ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದಕ್ಕೆ ಅಡ್ಡ ಬರದಂತೆ ಹೊಲಿಯಲು ಹೇಳಿ. ಕ್ರೋಮ್ ಪಟ್ಟಿ, ಬಾಗಿಲಿನ ಬೀಡಿಂಗ್, ಇಂಟೀರಿಯರ್ ಪರ್ಫ್ಯೂಮ್ ಇವೆಲ್ಲ ಬೇಡ ಎಂದರೆ ಬೇಡ.

ಲಾಜಿಸ್ಟಿಕ್ಸ್ ಮತ್ತು ಹ್ಯಾಂಡ್ಲಿಂಗ್ 9,500. ಇದನ್ನು ಕೊಡಲೇಬೇಡಿ. ಫ್ಯಾಕ್ಟರಿಯಿಂದ ಶೋರೂಮಿಗೆ ಕಾರು ತರುವ ಖರ್ಚು ಎಕ್ಸ್ ಶೋರೂಮ್ ಬೆಲೆಯಲ್ಲಿ ಆಗಲೇ ಸೇರಿದೆ. ಇದು ಸರ್ಕಾರದ ಶುಲ್ಕವೂ ಅಲ್ಲ, ಆರ್‌ಟಿಓ ಶುಲ್ಕವೂ ಅಲ್ಲ. ಡೀಲರ್ ತಾನೇ ಬರೆದುಕೊಂಡ ಸಾಲು. ನಾನೂ ಇದನ್ನು ಬರೆದಿದ್ದೇನೆ ಮೇಷ್ಟ್ರೇ, ಬರೆಯುವಾಗ ಕೈ ಹಿಂಜರಿಯುತ್ತಿತ್ತು. ಈಗ ಇದನ್ನೆಲ್ಲ ಬಿಡಿಸಿ ಹೇಳಲು ಅದೂ ಒಂದು ಕಾರಣ.

ಒಂದು ಸಂಜೆಯ ಮಾತು ಹೇಳಬೇಕು. ಮಾರ್ಚ್ 30, ಆರೂವರೆ ಗಂಟೆ. ಆ ತಿಂಗಳ ಗುರಿಗೆ ನಮ್ಮ ಶೋರೂಮಿಗೆ ಇನ್ನೂ ಎರಡು ಕಾರು ಬೇಕಿತ್ತು. ಹೊಸದುರ್ಗದ ಕಡೆಯ ತೆಂಗಿನ ತೋಟದ ಗಂಡ ಹೆಂಡತಿ ಬಂದರು. ಗಂಡ ಬಣ್ಣ ನೋಡುತ್ತ ನಿಂತರು. ಹೆಂಡತಿ ಕೊಟೇಶನ್ ಎಳೆದುಕೊಂಡು ಮೊದಲ ಸಾಲಿನ ಮೇಲೆ ಬೆರಳಿಟ್ಟರು. ‘ಇದೇನಪ್ಪ?’ ಹೇಳಿದೆ. ಎರಡನೆಯದಕ್ಕೆ ಬೆರಳು ಬಂತು. ‘ಇದೇನು?’ ಹೇಳಿದೆ. ಹ್ಯಾಂಡ್ಲಿಂಗ್ ಎನ್ನುವ ಸಾಲಿಗೆ ಬಂದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ‘ಅದು ಶೋರೂಮ್ ಚಾರ್ಜಸ್ ಅಮ್ಮಾ’ ಎಂದೆ. ಅವರು ಬೆರಳು ತೆಗೆಯಲಿಲ್ಲ, ಮಾತೂ ಆಡಲಿಲ್ಲ. ನನ್ನ ಮುಖ ನೋಡುತ್ತ ಕೂತರು. ನಾನು ಎದ್ದು ಮ್ಯಾನೇಜರ್ ಹತ್ತಿರ ಹೋದೆ. ವಾಪಸ್ ಬಂದು ಆ ಸಾಲು ಹೊಡೆದು ಹಾಕಿದೆ. ಆಮೇಲೆ ಅವರ ಬೆರಳು ಆಕ್ಸೆಸರೀಸ್‌ಗೆ ಹೋಯಿತು. ಆ ದಿನ ಅವರು ಉಳಿಸಿಕೊಂಡಷ್ಟು ದುಡ್ಡನ್ನು ಜೋರು ದನಿಯಲ್ಲಿ ಮಾತಾಡಿದ ಯಾರೂ ನನ್ನ ಹತ್ತಿರ ಉಳಿಸಿಕೊಂಡಿಲ್ಲ. ನಿಮಗೆ ಚೌಕಾಸಿ ಅಭ್ಯಾಸವಿಲ್ಲ ಎಂದಿರಿ. ಪೇಪರ್ ತಿದ್ದುವ ಅಭ್ಯಾಸ ಇದೆ ಅಲ್ವಾ? ಬೇಕಾಗಿರುವುದು ಅದೇ.

ತಿಂಗಳ ಕೊನೆ ಎಂದೆನಲ್ಲ, ಅದಕ್ಕೂ ಕಾರಣ ಇದೆ. ಡೀಲರ್‌ಗೆ ಕಂಪನಿ ತಿಂಗಳಿಗೆ ಇಷ್ಟು ಕಾರು ಎಂದು ಗುರಿ ಕೊಡುತ್ತದೆ. ಗುರಿ ಮುಟ್ಟಿದರೆ ಆ ತಿಂಗಳ ಅಷ್ಟೂ ಕಾರುಗಳ ಮೇಲೆ ಪ್ರೋತ್ಸಾಹ ಧನ ಬರುವುದುಂಟು. ಹಾಗಾಗಿ ಕೊನೆಯ ಎರಡು ಮೂರು ಕಾರುಗಳಲ್ಲಿ ಕೈಯಿಂದ ಬಿಟ್ಟರೂ ಅವನಿಗೆ ನಷ್ಟವಿಲ್ಲ. ನಮ್ಮ ಕಡೆ ಆಷಾಢದಲ್ಲಿ ಹೊಸ ಗಾಡಿ ಮನೆಗೆ ತರುವವರು ಕಮ್ಮಿ, ಆಗ ಶೋರೂಮಿನವರೇ ಫೋನ್ ಮಾಡಿ ಕರೆಯುತ್ತಾರೆ. ನಿಮಗೆ ಆ ನಂಬಿಕೆ ಅಡ್ಡಿ ಇಲ್ಲದಿದ್ದರೆ ಒಳ್ಳೆಯ ಕಾಲ. ಅಥವಾ ಆಷಾಢದಲ್ಲಿ ಬುಕ್ ಮಾಡಿ ಬೆಲೆ ಬರೆಸಿಕೊಂಡು ಶ್ರಾವಣದಲ್ಲಿ ಡೆಲಿವರಿ ತಗೊಳ್ಳಿ, ತುಂಬಾ ಜನ ಹಾಗೆ ಮಾಡುತ್ತಾರೆ. ಆಯುಧಪೂಜೆ ವಾರದಲ್ಲಿ ಮಾತ್ರ ಚೌಕಾಸಿಗೆ ಹೋಗಬೇಡಿ. ಆಗ ಕೊಳ್ಳುವವರೇ ಸಾಲುಗಟ್ಟಿ ನಿಂತಿರುತ್ತಾರೆ.

ಇನ್ನು ಆ ಹತ್ತು ಸಾವಿರದ ಡಿಸ್ಕೌಂಟ್. ‘ಇದರಲ್ಲಿ ಕಂಪನಿ ಕೊಟ್ಟಿದ್ದೆಷ್ಟು, ನೀವು ಕೊಟ್ಟಿದ್ದೆಷ್ಟು?’ ಎಂದು ಕೇಳಿ. ಕಂಪನಿಯ ಸ್ಕೀಮ್ ಎಲ್ಲ ಶೋರೂಮಿನಲ್ಲೂ ಒಂದೇ. ಡೀಲರ್ ತನ್ನ ಜೇಬಿನಿಂದ ಬಿಡುವುದು ಬೇರೆ ಬೇರೆ. ನೀವು ನಿವೃತ್ತ ಶಿಕ್ಷಕರು. ಕಾರ್ಪೊರೇಟ್ ಆಫರ್ ಎನ್ನುವ ಹೆಸರಿನಲ್ಲಿ ಎಷ್ಟೋ ಕಂಪನಿಗಳು ಸರ್ಕಾರಿ ನೌಕರರಿಗೆ, ಶಿಕ್ಷಕರಿಗೆ ಒಂದಿಷ್ಟು ಬಿಡುತ್ತವೆ. ಪಿಂಚಣಿದಾರರಿಗೂ ಉಂಟಾ ಎಂದು ಕೇಳಿ, ಕೇಳದಿದ್ದರೆ ಅವರಾಗಿ ಹೇಳುವುದಿಲ್ಲ. ಹತ್ತಿರದ ಸಂಬಂಧಿಕರ ಹಳೆ ಕಾರು ಕೊಡುವುದಿದ್ದರೆ ಎಕ್ಸ್‌ಚೇಂಜ್ ಬೋನಸ್ ನಿಮ್ಮ ಹೆಸರಿಗೆ ಆಗುತ್ತದಾ ಎಂದೂ ವಿಚಾರಿಸಿ.

‘ಕಂಪನಿ ಬಿಡಲ್ಲ ಸರ್, ಜಾಸ್ತಿ ಕೊಟ್ಟರೆ ನಮಗೆ ದಂಡ’ ಎಂದು ಹೇಳಿದರೆ ಒಂದು ವಿಷಯ ನೆನಪಿಟ್ಟುಕೊಳ್ಳಿ. 2021ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದೇ ವಿಷಯಕ್ಕೆ ಮಾರುತಿ ಸುಜುಕಿಗೆ 200 ಕೋಟಿ ರೂಪಾಯಿ ದಂಡ ಹಾಕಿತು. ಹೆಸರು ಹೇಳದ ಡೀಲರ್ ಒಬ್ಬರದು ಎನ್ನಲಾದ ಇಮೇಲ್‌ನಿಂದ ಆ ತನಿಖೆ ಶುರುವಾಗಿತ್ತು. ಗಿರಾಕಿಗಳ ವೇಷದಲ್ಲಿ ಏಜೆನ್ಸಿಯವರನ್ನು ಶೋರೂಮಿಗೆ ಕಳಿಸಿ, ನಿಗದಿಗಿಂತ ಜಾಸ್ತಿ ಡಿಸ್ಕೌಂಟ್ ಕೊಟ್ಟ ಡೀಲರ್‌ಗೆ ದಂಡ ಹಾಕುತ್ತಿದ್ದರು ಎಂದು ಆಯೋಗ ಹೇಳಿತು. ಕಂಪನಿ ಮೇಲ್ಮನವಿಗೆ ಹೋಯಿತು. ಕೋರ್ಟಿನ ಮಾತು ಏನೇ ಇರಲಿ, ನಿಮಗೆ ಬೇಕಾದ ಅಂಶ ಒಂದೇ: ಕೊಡಲು ಮನಸ್ಸಿರುವ ಡೀಲರ್‌ಗಳು ಇದ್ದಾರೆ. ಆದ್ದರಿಂದ ಒಂದೇ ಶೋರೂಮಿಗೆ ಅಂಟಿಕೊಳ್ಳಬೇಡಿ. ಭದ್ರಾವತಿ, ಚಿಕ್ಕಮಗಳೂರು, ದಾವಣಗೆರೆ ಎಲ್ಲ ನಿಮಗೆ ಹತ್ತಿರ. ಅದೇ ಕಾರಿಗೆ, ಅದೇ ಬಣ್ಣಕ್ಕೆ, ಸಾಲು ಸಾಲಾಗಿ ಬಿಡಿಸಿದ ಕೊಟೇಶನ್ ಎರಡು ಕಡೆ ತಗೊಳ್ಳಿ. ಬೇರೆ ಊರಿನಲ್ಲಿ ಕೊಂಡರೂ ನಿಮ್ಮ ವಿಳಾಸದ ಆರ್‌ಟಿಓದಲ್ಲಿ ನೋಂದಣಿ ಆಗುತ್ತದೆ, ಸರ್ವಿಸ್ ಎಲ್ಲಿ ಬೇಕಾದರೂ ಮಾಡಿಸಬಹುದು. ತೆರಿಗೆ ಉಳಿಸಲು ಪುದುಚೇರಿ ನೋಂದಣಿ ಮಾಡಿಸಿಕೊಡುತ್ತೇನೆ ಎನ್ನುವವರು ಸಿಕ್ಕರೆ ಮಾತ್ರ ದೂರ ಇರಿ.

ನೆಂಟರು ‘ನಮಗೆ ಹೋದ ಸಲ ಐವತ್ತು ಸಾವಿರ ಬಿಟ್ಟಿದ್ದರು’ ಎಂದರೆ ಅದು ಯಾವ ವರ್ಷ ಎಂದು ಕೇಳಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು, ಜಿಎಸ್‌ಟಿ ಜೊತೆ ಹಾಕುತ್ತಿದ್ದ ಪರಿಹಾರ ಸೆಸ್ ಹೋಯಿತು. ಅದಕ್ಕಿಂತ ಹಿಂದಿನ ಬೆಲೆ, ಹಿಂದಿನ ಡಿಸ್ಕೌಂಟ್ ಈಗಿನದಕ್ಕೆ ಹೋಲಿಸಲು ಬರುವುದಿಲ್ಲ.

ಲೋನ್ ತಗೊಳ್ಳುತ್ತೀರೋ ಇಲ್ಲವೋ ಬರೆದಿಲ್ಲ. ತಗೊಳ್ಳುವುದಾದರೆ ಪಿಂಚಣಿ ಬರುವ ಬ್ಯಾಂಕಿನಲ್ಲಿ ಮೊದಲು ಕೇಳಿ. ಏಳು ಲಕ್ಷಕ್ಕೆ, ಐದು ವರ್ಷಕ್ಕೆ, ಬಡ್ಡಿ 9ರ ಬದಲು 9.5 ಆದರೆ ತಿಂಗಳಿಗೆ 170 ರೂಪಾಯಿ ಜಾಸ್ತಿ, ಕೊನೆಗೆ ಹತ್ತು ಸಾವಿರ. ನಿಮಗೆ ಕೊಟ್ಟ ಡಿಸ್ಕೌಂಟ್ ಪೂರ್ತಿ ಅಲ್ಲೇ ಹೋಯಿತು.

ಈಗ ಕೂಡಿಸಿ. ವಿಮೆಯಲ್ಲಿ 14,000, ಆಕ್ಸೆಸರೀಸ್‌ನಲ್ಲಿ 20,000, ಹ್ಯಾಂಡ್ಲಿಂಗ್ 9,500. ಒಟ್ಟು 43,500. ಎಕ್ಸ್ ಶೋರೂಮ್ ಬೆಲೆ ಮುಟ್ಟಿಲ್ಲ, ವಾರಂಟಿಯೂ ಹಾಗೇ ಇದೆ.

ವಾರದ ದಿನ ಬೆಳಿಗ್ಗೆ ಹೋಗಿ, ಭಾನುವಾರ ಬೇಡ. ಮೇಡಂ ಅವರನ್ನೂ ಕರೆದುಕೊಂಡು ಹೋಗಿ. ಒಪ್ಪಿದ್ದನ್ನೆಲ್ಲ ಶೋರೂಮಿನ ಕಾಗದದಲ್ಲಿ ಬರೆಸಿ, ಸಹಿ, ಸೀಲು ಹಾಕಿಸಿಕೊಂಡ ಮೇಲೆ ಬುಕಿಂಗ್ ದುಡ್ಡು ಕೊಡಿ. ಬುಕಿಂಗ್ ರದ್ದಾದರೆ ಎಷ್ಟು ವಾಪಸ್ ಎನ್ನುವುದೂ ಅದರಲ್ಲಿ ಇರಲಿ. ಬರೆದುಕೊಟ್ಟ ಮೇಲೆ ತಪ್ಪಿದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು.

ಉಳಿದ ದುಡ್ಡು ಕಟ್ಟುವ ಮುಂಚೆ ನಿಮಗೆ ಕೊಡುವ ಕಾರನ್ನೇ ಯಾರ್ಡಿಗೆ ಹೋಗಿ ನೋಡಿ. ಶೋರೂಮಿನೊಳಗೆ ಹೊಳೆಯುವ ಕಾರು ಬೇರೆ, ನಿಮ್ಮದು ಬೇರೆ. ಚಾಸಿ ನಂಬರ್ ಬರೆದುಕೊಳ್ಳಿ, ಯಾವ ತಿಂಗಳು ತಯಾರಾಗಿದ್ದು ಎಂದು ಕೇಳಿ, ಕಾರಿನ ಜೊತೆ ತಯಾರಕರು ಕೊಡುವ ಪ್ರಮಾಣಪತ್ರವಾದ ಫಾರ್ಮ್ 22ರಲ್ಲಿ ತಿಂಗಳು, ವರ್ಷ ನೋಡಿ. ಹೋದ ವರ್ಷ ತಯಾರಾದ ಕಾರು ಎಂದಾದರೆ ಬೇಡ ಎನ್ನಬೇಕಿಲ್ಲ. ಆದರೆ ಆರ್‌ಸಿಯಲ್ಲಿ ಹಳೆಯ ವರ್ಷವೇ ಬರುತ್ತದೆ, ಮುಂದೆ ಮಾರುವಾಗ ಬೆಲೆ ಇಳಿಯುತ್ತದೆ. ಅದಕ್ಕೆ ತಕ್ಕಂತೆ ಈಗಲೇ ಬೆಲೆ ಇಳಿಸಿಕೊಳ್ಳಿ. ಡೆಲಿವರಿ ದಿನ ಇನ್‌ವಾಯ್ಸ್‌ನಲ್ಲಿರುವ ಚಾಸಿ ನಂಬರ್, ನೀವು ಯಾರ್ಡಿನಲ್ಲಿ ಬರೆದುಕೊಂಡ ನಂಬರ್ ಎರಡನ್ನೂ ಪಕ್ಕದಲ್ಲಿಟ್ಟು ಒಂದೊಂದೇ ಅಕ್ಷರ ಹೋಲಿಸಿ. ಒಟ್ಟು ಹದಿನೇಳು ಅಕ್ಷರ ಇರುತ್ತವೆ.